ಮಾಲ್ಗುಡಿಗೆ ನೆಲ ಕೊಟ್ಟ ಶಂಕರನಾಗ್

ಕಲ್ಯಾಣವನ್ನು ಬಿಟ್ಟು ಕರ್ಜತದ ಕಡೆಗೆ ಹೊರಟ ಗಾಡಿಗೆ ಮೊದಲು ದೊರೆಯತಕ್ಕ ನಿಲ್ದಾಣ ನಮ್ಮ ವಿಠ್ಠಲವಾಡಿ. ಅಲ್ಲಿಂದ ಮುಂದೆ ಉಲ್ಲಾಸನಗರ, ಅಂಬರನಾಥ, ಬದಲಾಪುರಗಳು ಬರುವವೆಂಬುದನ್ನು ನಮ್ಮಲ್ಲಿಯ ಅತ್ಯಂತ ಕಿರಿಯ ವಿದ್ಯಾರ್ಥಿಯೂ ಕಣ್ಣುಮುಚ್ಚಿ ಹೇಳಬಲ್ಲನು. ಆದರೆ ಮಾಲ್ಗುಡಿಯ ನಿಲ್ದಾಣವು ಯಾವ ಮಾರ್ಗದಲ್ಲಿದೆಯೆಂದು ಕೇಳಿದರೆ ಹತ್ತನೆಯ ತರಗತಿಯವರೂ ತಲೆ ಕೆರೆದುಕೊಳ್ಳಬೇಕಾದೀತು. ಏಕೆಂದರೆ ಆ ಊರು ಭೂಪಟದಲ್ಲಿ ಇಲ್ಲ. 1930ರಲ್ಲಿ ಆರ್. ಕೆ. ನಾರಾಯಣರೆಂಬ ತರುಣ ಲೇಖಕರು ಬರೆಯಲು ಕುಳಿತಾಗ ಅವರ ಮನಸ್ಸಿನಲ್ಲಿ ಒಂದು ಪುಟ್ಟ ರೈಲು ನಿಲ್ದಾಣವು ಮೂಡಿತು. ಆ ನಿಲ್ದಾಣದ ಹಿಂದೆ ಒಂದು ಊರು ಬೆಳೆಯಿತು. ಊರಿನ ಅಂಚಿಗೆ ಸರಯೂ ಎಂಬ ನದಿ ಹರಿಯಿತು. ಆಚೆಗೆ ಮೆಂಪಿ ಬೆಟ್ಟಗಳು ಎದ್ದುನಿಂತವು. ಆ ಊರಿನಲ್ಲಿಯೇ ನಾರಾಯಣರು ತಮ್ಮ ಬಾಳಿನ ಉದ್ದಕ್ಕೂ ಕಥೆಗಳನ್ನು ನಡೆಸಿದರು.

ಮಾಂತ್ರಿಕರೂ ರಾಕ್ಷಸರೂ ಹಾರುವ ಕುದುರೆಗಳೂ ಇರುವ ಕಥೆಗಳನ್ನು ಮಾತ್ರವೇ ಕಲ್ಪನಾಲೋಕದ ಕಥೆಗಳೆಂದು ಕರೆಯುವ ರೂಢಿಯುಂಟು. ಮಾಲ್ಗುಡಿಯಲ್ಲಿ ಅವರಾರೂ ಇಲ್ಲ. ಅಲ್ಲಿನ ಸ್ವಾಮಿಯೆಂಬ ಬಾಲಕನಿಗೆ ಮಾಸ್ತರರ ಬೆತ್ತಕ್ಕಿಂತ ಭಯಂಕರವಾದ ಆಯುಧವೊಂದು ತಿಳಿಯದು. ಆದರೂ ಇಲ್ಲದ ಊರೊಂದನ್ನು ಇದೆಯೆಂದು ನಂಬಿಸುವ ಕೆಲಸವು ರಾಕ್ಷಸನನ್ನು ಸೃಷ್ಟಿಸುವುದಕ್ಕಿಂತ ಸುಲಭವಲ್ಲ. ಅಂತಹ ಊರನ್ನು ಪುಸ್ತಕದಿಂದ ಎತ್ತಿ, ಮಣ್ಣಿನ ಮೇಲೆ ನಿಲ್ಲಿಸಿ, ಟೆಲಿವಿಷನ್ನಿನ ಮೂಲಕ ದೇಶದ ಮನೆಮನೆಗೂ ಮುಟ್ಟಿಸಿದ ಕನ್ನಡಿಗರೊಬ್ಬರ ಜೀವನವನ್ನು ಇಲ್ಲಿ ಹೇಳಬೇಕಾಗಿದೆ. ಅವರು ಬದುಕಿದುದು ಮೂವತ್ತೈದೇ ವರ್ಷ.

ಶಂಕರನಾಗ್ ಅವರು 1954ನೆಯ ಇಸವಿ ನವೆಂಬರ್ 9ರಂದು ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದ ಸೀಮೆಯಲ್ಲಿ ಜನಿಸಿದರು. ಮನೆತನದ ಹೆಸರು ನಾಗರಕಟ್ಟೆ. ಅದನ್ನು ಮೊಟಕು ಮಾಡಿ ನಾಗ್ ಎಂದುದು ಮುಂದಿನ ಮಾತು. ಮನೆಯ ಭಾಷೆ ಕೊಂಕಣಿ. ಹಿರಿಯ ಸೋದರರಾದ ಅನಂತನಾಗ್ ಅವರೂ ಪ್ರಸಿದ್ಧ ನಟರೆಂಬುದು ನಿಮಗೆ ಗೊತ್ತೇ ಇದೆ. ಅಣ್ಣನು ಮುಂಬಯಿಯ ರಂಗಭೂಮಿಯನ್ನು ಸೇರಿದಂತೆ ತಮ್ಮನೂ ವಿದ್ಯಾಭ್ಯಾಸವಾದ ಬಳಿಕ ಇದೇ ಮಹಾನಗರಕ್ಕೆ ಬಂದರು. ಕರಾವಳಿಯಿಂದ ಮುಂಬಯಿಗೆ ಹೊಟ್ಟೆಪಾಡಿಗಾಗಿ ಬಂದ ಸಾವಿರಾರು ಮಂದಿಯ ದಾರಿಯೇ ಅದು. ನಮ್ಮಲ್ಲಿ ಅನೇಕರ ಅಜ್ಜಂದಿರು ಬಂದುದೂ ಅದೇ ದಾರಿಯಿಂದ.

ಮುಂಬಯಿಯಲ್ಲಿ ಅವರನ್ನು ಸೆಳೆದುಕೊಂಡುದು ಮರಾಠಿ ರಂಗಭೂಮಿ. ಆ ಕಾಲದಲ್ಲಿ ಈ ನಗರದಲ್ಲಿ ಮರಾಠಿ, ಗುಜರಾತಿ, ಹಿಂದಿ, ಕನ್ನಡ, ಇಂಗ್ಲಿಷ್ ನಾಟಕಗಳು ಒಂದರ ಪಕ್ಕದಲ್ಲಿ ಒಂದು ನಡೆಯುತ್ತಿದ್ದವು. ಬೇರೆ ಬೇರೆ ಭಾಷೆಗಳ ನಟರು ಒಬ್ಬರ ತಾಲೀಮಿಗೆ ಇನ್ನೊಬ್ಬರು ಹೋಗಿ ಕುಳಿತುಕೊಳ್ಳುವುದು ಅಪೂರ್ವವಾಗಿರಲಿಲ್ಲ. ಶಂಕರನಾಗ್ ಅವರು ರಂಗದ ಎಲ್ಲ ಕೆಲಸಗಳನ್ನೂ ಇಲ್ಲಿಯೇ ಕಲಿತರು. ತಮ್ಮ ಬಾಳಸಂಗಾತಿಯಾದ ಅರುಂಧತಿಯವರನ್ನು ಕಂಡುದೂ ಇಲ್ಲಿಯ ರಂಗಭೂಮಿಯಲ್ಲಿಯೇ. 1979ರಲ್ಲಿ ತೆರೆಕಂಡ, ಪುಣೆಯ ಚಾಪೇಕರ ಸೋದರರ ಸಾಹಸವನ್ನು ಕುರಿತ ಮರಾಠಿ ಚಿತ್ರ '22 ಜೂನ್ 1897'ರ ಬರವಣಿಗೆಯಲ್ಲಿ ಈ ಕೊಂಕಣಿ ಮನೆಮಾತಿನ ಕನ್ನಡಿಗರ ಪಾಲೂ ಇದ್ದಿತು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದುವರಿಯಲು ಮನಸ್ಸು ಒಪ್ಪುವುದಿಲ್ಲ. ನಮ್ಮ ವಿಠ್ಠಲವಾಡಿಯ ಬಾಲಕರು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಕನ್ನಡವನ್ನೋ ಆಡುತ್ತಾರೆ. ಶಾಲೆಯಲ್ಲಿ ಕನ್ನಡದಲ್ಲಿ ಓದುತ್ತಾರೆ. ಬೀದಿಗಿಳಿದರೆ ಮರಾಠಿ, ಗಾಡಿ ಹತ್ತಿದರೆ ಹಿಂದಿ, ಉಲ್ಲಾಸನಗರದ ಬಜಾರಿನಲ್ಲಿ ಕಿವಿಗೆ ಸಿಂಧಿ. ಇದನ್ನೊಂದು ಕೊರತೆಯೆಂದು ಎಣಿಸಿ ಮರುಗುವವರನ್ನು ನಾನು ಕಂಡಿದ್ದೇನೆ. ಶಂಕರನಾಗ್ ಅವರ ಪಾಲಿಗೆ ಇಂತಹ ಬಹುಭಾಷೆಯ ಬದುಕೇ ಮೂಲಧನವಾಯಿತು. ಅದು ಹೇಗೆಂಬುದು ಮುಂದೆ ತಿಳಿದುಬರುವುದು.

ಗಿರೀಶ ಕಾರ್ನಾಡರು 1978ರಲ್ಲಿ 'ಒಂದಾನೊಂದು ಕಾಲದಲ್ಲಿ' ಎಂಬ ಚಿತ್ರವನ್ನು ನಿರ್ದೇಶಿಸಿದರು. ಕೂಲಿಗಾಗಿ ಕಾದಾಡುವ ಯೋಧನೊಬ್ಬನ ಪಾತ್ರಕ್ಕೆ ಅವರು ಆರಿಸಿಕೊಂಡುದು ಕನ್ನಡ ಚಿತ್ರಲೋಕಕ್ಕೆ ಹೊಸಬರಾಗಿದ್ದ ಶಂಕರನಾಗ್ ಅವರನ್ನು. ಮೊದಲನೆಯ ಪಾತ್ರವೇ ಅವರಿಗೆ ದೇಶದೇಶಗಳ ಮನ್ನಣೆಯನ್ನು ತಂದಿತು. 1979ರಲ್ಲಿ ದಿಲ್ಲಿಯಲ್ಲಿ ನಡೆದ ಅಂತರರಾಷ್ಟ್ರೀಯ ಚಲಚ್ಚಿತ್ರೋತ್ಸವದಲ್ಲಿ ಶ್ರೇಷ್ಠ ನಟನೆಂಬ ಪ್ರಶಸ್ತಿ ಅವರಿಗೆ ದೊರೆಯಿತು. ಆಗ ಅವರಿಗೆ ಇಪ್ಪತ್ತನಾಲ್ಕು ವಯಸ್ಸು.

ಅಲ್ಲಿಂದ ಮುಂದೆ ಅವರು ಬೆಂಗಳೂರಿನಲ್ಲಿ ನೆಲಸಿದರು. 1980ರಲ್ಲಿ 'ಮಿಂಚಿನ ಓಟ'ವನ್ನು ಸ್ವತಃ ನಿರ್ದೇಶಿಸಿದರು. ಅದೇ ವರ್ಷ ಬಂದ 'ಆಟೋರಾಜ' ಚಿತ್ರದಿಂದಾಗಿ ಕರ್ನಾಟಕದ ರಿಕ್ಷಾ ಚಾಲಕರು ಅವರನ್ನು ತಮ್ಮವರೆಂದೇ ಭಾವಿಸಿದರು. ಇಂದಿಗೂ ಬೆಂಗಳೂರಿನ ರಿಕ್ಷಾಗಳ ಮೇಲೆ ಅವರ ಭಾವಚಿತ್ರವನ್ನು ಕಾಣಬಹುದು. ಹಣಕ್ಕಾಗಿ ನಟಿಸಿದ ಚಿತ್ರಗಳು ಹತ್ತಾರು. ಅವೆಲ್ಲವೂ ಉತ್ತಮವೆಂದು ಅಭಿಮಾನಿಗಳು ಹೇಳಿಯಾರು, ನಾನು ಹೇಳಲಾರೆ. ಒಂದೇ ಬಗೆಯ ಹೊಡೆದಾಟದ ಕಥೆಗಳಲ್ಲಿ ಅಂತಹ ನಟರ ಕಾಲವು ಎಷ್ಟು ವ್ಯಯವಾಯಿತೆಂದು ಎಣಿಸಿದರೆ ಖೇದವಾಗುವುದು. ಆದರೆ ಅದೇ ವೇಳೆಗೆ ಅವರು 'ಸಂಕೇತ್' ಎಂಬ ನಾಟಕ ತಂಡವನ್ನು ಕಟ್ಟಿ ರಂಗಭೂಮಿಯನ್ನೂ ಬಿಡದೆ ನಡೆಸಿದರೆಂಬುದನ್ನು ಮರೆಯತಕ್ಕದ್ದಲ್ಲ. 1985ರಲ್ಲಿ ಅವರು ನಿರ್ದೇಶಿಸಿದ 'ಆಕ್ಸಿಡೆಂಟ್' ಚಿತ್ರವು ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು.

ಇನ್ನು ಮಾಲ್ಗುಡಿಯ ವಿಷಯಕ್ಕೆ ಬರೋಣ.

ನಾರಾಯಣರಿಗೆ ಚಲಚ್ಚಿತ್ರದವರ ಮೇಲೆ ಹಳೆಯ ಅಸಮಾಧಾನವೊಂದಿದ್ದಿತು. ಅವರ 'ದಿ ಗೈಡ್' ಕಾದಂಬರಿಯು 1958ರಲ್ಲಿ ಪ್ರಕಟವಾಗಿ, 1960ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಗಳಿಸಿದ್ದಿತು. 1965ರಲ್ಲಿ ದೇವಾನಂದ್ ಅವರು ಅದನ್ನು ಹಿಂದಿಯಲ್ಲಿ ದೊಡ್ಡ ಚಿತ್ರವನ್ನಾಗಿ ಮಾಡಿದರು. ಚಿತ್ರವು ಜನಪ್ರಿಯವಾಯಿತು, ಅದರ ಹಾಡುಗಳು ಇಂದಿಗೂ ಜನರ ಬಾಯಲ್ಲಿವೆ. ಆದರೆ ದಕ್ಷಿಣದ ಒಂದು ಸಾಧಾರಣ ಊರಿನಲ್ಲಿ ನಡೆಯಬೇಕಾಗಿದ್ದ ಕಥೆಯು ಉದಯಪುರದ ಅರಮನೆಗಳ ನಡುವೆ ನಡೆದುಬಿಟ್ಟಿತು. ತಾವು ಮೂವತ್ತು ವರ್ಷ ಬೆಳೆಸಿದ ಊರನ್ನು ಕೇಳುವವರಿಲ್ಲದೆ ಕಿತ್ತು ಒಯ್ದುದು ನಾರಾಯಣರಿಗೆ ನೋವನ್ನುಂಟುಮಾಡಿತು. ಆ ಅಸಮಾಧಾನವನ್ನು ಅವರು ಒಂದು ಪ್ರಬಂಧದಲ್ಲಿ ವಿನೋದದ ಲೇಪವನ್ನಿಟ್ಟು ಬರೆದಿದ್ದಾರೆ.

ಇದು ಒಬ್ಬ ಲೇಖಕರ ಮುನಿಸು ಮಾತ್ರವೆಂದು ತಿಳಿಯಬಾರದು. ಪುಸ್ತಕದಲ್ಲಿ ಓದಿದ ಊರನ್ನು ಪ್ರತಿಯೊಬ್ಬ ಓದುಗನೂ ತನ್ನ ಮನಸ್ಸಿನಲ್ಲಿ ತಾನೇ ಕಟ್ಟಿಕೊಂಡಿರುತ್ತಾನೆ. ಸ್ವಾಮಿಯ ಶಾಲೆಯು ಒಬ್ಬನಿಗೆ ತನ್ನ ಅಜ್ಜನ ಊರಿನ ಶಾಲೆಯಂತೆ ಕಂಡೀತು. ಇನ್ನೊಬ್ಬನಿಗೆ ನಮ್ಮ ಈ ಶಾಲೆಯಂತೆಯೇ ಕಂಡೀತು. ಚಿತ್ರವನ್ನು ತೆಗೆಯುವವನು ಆ ಸಾವಿರ ಊರುಗಳನ್ನೂ ಅಳಿಸಿ ಒಂದೇ ಊರನ್ನು ಎಲ್ಲರ ಕಣ್ಣಿಗೂ ತುಂಬಿಸುತ್ತಾನೆ. ಅವನು ತಪ್ಪಿದರೆ ಓದುಗನು ಕಟ್ಟಿಕೊಂಡಿದ್ದ ಊರೂ ಹಾಳಾಗಿ ಹೋಗುವುದು. ಶಂಕರನಾಗ್ ಅವರ ಮುಂದೆ ಇದ್ದುದು ಈ ಅಪಾಯ.

ಅದು ದೂರದರ್ಶನದ ಒಂದೇ ವಾಹಿನಿ ಇದ್ದ ಕಾಲ. 1984ರಲ್ಲಿ 'ಹಮ್ ಲೋಗ್' ಬಂದ ಮೇಲೆ ಧಾರಾವಾಹಿಗಳನ್ನು ನೋಡುವ ಅಭ್ಯಾಸವು ದೇಶದಲ್ಲಿ ಬೇರೂರತೊಡಗಿತ್ತು. ಟಿ. ಎಸ್. ನರಸಿಂಹನ್ ಎಂಬ ನಿರ್ಮಾಪಕರು ನಾರಾಯಣರ ಕಥೆಗಳನ್ನು ಧಾರಾವಾಹಿಯಾಗಿ ತರಲು ಮುಂದಾಗಿ, ನಿರ್ದೇಶನದ ಹೊಣೆಯನ್ನು ಶಂಕರನಾಗ್ ಅವರಿಗೆ ವಹಿಸಿದರು. ಆರಿಸಿಕೊಂಡುದು 1935ರ 'ಸ್ವಾಮಿ ಅಂಡ್ ಫ್ರೆಂಡ್ಸ್', 1967ರ 'ದಿ ವೆಂಡರ್ ಆಫ್ ಸ್ವೀಟ್ಸ್' ಎಂಬ ಎರಡು ಕಾದಂಬರಿಗಳನ್ನು. ಅವುಗಳ ಜೊತೆಗೆ ಹಲವಾರು ಸಣ್ಣಕಥೆಗಳನ್ನು. ಎಲ್ಲಕ್ಕೂ 'ಮಾಲ್ಗುಡಿ ಡೇಸ್' ಎಂಬ ಒಂದೇ ಹೆಸರು.

ಊರನ್ನು ಎಲ್ಲಿ ಹುಡುಕಬೇಕು? ನಾರಾಯಣರು ಬಹುಕಾಲ ಬಾಳಿದ ಮೈಸೂರು ಅಷ್ಟರಲ್ಲಿ ದೊಡ್ಡ ನಗರವಾಗಿದ್ದಿತು. ಬೆಂಗಳೂರಿನ ಮಲ್ಲೇಶ್ವರವನ್ನೂ ಬಸವನಗುಡಿಯನ್ನೂ ಕೂಡಿಸಿ ಮಾಲ್ಗುಡಿ ಎಂಬ ಹೆಸರಾಯಿತೆಂದು ಊಹಿಸುವವರಿದ್ದಾರೆ. ಆದರೆ 1986ರ ಮಲ್ಲೇಶ್ವರದಲ್ಲಿ ಸ್ವಾಮಿಯ ಕಾಲದ ಎತ್ತಿನ ಗಾಡಿಯನ್ನು ಹೊಡೆಯುವುದು ಸಾಧ್ಯವಿದ್ದಿತೆ? ಶಂಕರನಾಗ್ ಅವರು ಘಟ್ಟದ ಮೇಲಿನ ಆಗುಂಬೆಯನ್ನು ಆರಿಸಿದರು. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಈ ಊರು ವಿಪರೀತ ಮಳೆಗೂ ಸೂರ್ಯಾಸ್ತಕ್ಕೂ ಹೆಸರಾದುದು. ಹೆಂಚಿನ ಮಾಡಿನ ಮನೆಗಳು, ಉದ್ದನೆಯ ಜಗುಲಿಗಳು, ಒಳಗೆ ತೆರೆದ ಅಂಗಳ, ಮರದ ಕಂಬಗಳು ಇವೆಲ್ಲ ಅಲ್ಲಿ ಸಿದ್ಧವಾಗಿಯೇ ಇದ್ದವು. ದೊಡ್ಡಮನೆ ಎಂಬ ಹಳೆಯ ಮನೆಯೇ ಸ್ವಾಮಿಯ ಮನೆಯಾಯಿತು. ಇದ್ದ ಊರಿಗೆ ಮಾಲ್ಗುಡಿಯ ಹೆಸರನ್ನು ತೊಡಿಸಿ, ಇಲ್ಲದುದನ್ನು ಮಾತ್ರ ಸೇರಿಸಿಕೊಂಡರು.

ಹಾಗೆ ಸೇರಿಸಿದ ವಸ್ತುಗಳಲ್ಲಿ ಒಂದು ಪ್ರತಿಮೆಯುಂಟು. ನಾರಾಯಣರ ಒಂದು ಕಥೆಯಲ್ಲಿ ಸ್ವಾತಂತ್ರ್ಯ ಬಂದ ಸಂಭ್ರಮದಲ್ಲಿ ಮಾಲ್ಗುಡಿಯ ಪುರಸಭೆಯವರು ಬೀದಿಗಳ ಹೆಸರುಗಳನ್ನೆಲ್ಲ ಬದಲಾಯಿಸುತ್ತಾರೆ; ಸರ್ ಫ್ರೆಡರಿಕ್ ಲಾಲಿ ಎಂಬ ಆಂಗ್ಲರ ಪ್ರತಿಮೆಯನ್ನು, ಆತನು ದುಷ್ಟನಾಗಿದ್ದನೆಂದು ನಂಬಿ, ಕೀಳಿಸುತ್ತಾರೆ. ಆಮೇಲೆ ನೋಡಿದರೆ ಊರನ್ನು ಕಟ್ಟಿದ ಪುಣ್ಯಾತ್ಮನೇ ಆತ! ಈ ಕಥೆಗಾಗಿ ಲಾಲಿಯ ಪ್ರತಿಮೆಯೊಂದು ಆಗುಂಬೆಯ ನಡುಬೀದಿಯಲ್ಲಿ ಎದ್ದುನಿಂತಿತು. ಕಲಾನಿರ್ದೇಶನದ ಹೊಣೆ ಜಾನ್ ದೇವರಾಜ್ ಅವರದಾಗಿದ್ದಿತು. ಎಂದೂ ಇರದ ಊರಿನ ಎಂದೂ ಇರದ ಸಂಸ್ಥಾಪಕನಿಗೆ ನಿಜವಾದ ಊರೊಂದರ ನಡುವೆ ಪ್ರತಿಮೆ ಏಳುವುದೆಂದರೆ ನಾರಾಯಣರೇ ಬರೆಯಬಹುದಾಗಿದ್ದ ಇನ್ನೊಂದು ಕಥೆ.

ಸ್ವಾಮಿಯಾಗಿ ನಟಿಸಿದವರು ಮಾಸ್ಟರ್ ಮಂಜುನಾಥ್. ತಂದೆಯ ಪಾತ್ರ ಗಿರೀಶ ಕಾರ್ನಾಡರದು. ಎಂಟು ವರ್ಷಗಳ ಹಿಂದೆ ಶಂಕರನಾಗ್ ಅವರನ್ನು ನಿರ್ದೇಶಿಸಿದ ಹಿರಿಯರು ಈಗ ಅವರ ನಿರ್ದೇಶನದಲ್ಲಿ ನಿಂತರು. ತಾಯಿಯ ಪಾತ್ರದಲ್ಲಿ ವೈಶಾಲಿ ಕಾಸರವಳ್ಳಿಯವರಿದ್ದರು. ಮಿಠಾಯಿ ವ್ಯಾಪಾರಿ ಜಗನ್ನನಾಗಿ ಅನಂತನಾಗ್ ಅವರು ನಟಿಸಿದರು. ಛಾಯಾಗ್ರಹಣ ಎಸ್. ರಾಮಚಂದ್ರ ಅವರದು, ಸಂಗೀತ ಎಲ್. ವೈದ್ಯನಾಥನ್ ಅವರದು. ಮಾತಿಲ್ಲದೆ ಬರಿಯ ಸ್ವರಗಳಲ್ಲಿ ಹಾಡಿದ ಆರಂಭದ ರಾಗವನ್ನು ಕೇಳಿದರೆ ಇಂದು ಐವತ್ತು ದಾಟಿದವರೂ ಬಾಲಕರಂತೆ ಆಗಿಬಿಡುತ್ತಾರೆ. ಕಂತುಗಳ ಆರಂಭದ ರೇಖಾಚಿತ್ರಗಳನ್ನು ಬರೆದುಕೊಟ್ಟವರು ನಾರಾಯಣರ ತಮ್ಮಂದಿರಾದ ಆರ್. ಕೆ. ಲಕ್ಷ್ಮಣರು. ಮೈಸೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ವ್ಯಂಗ್ಯಚಿತ್ರಕಾರರಾಗಿ ಬಾಳಿದ ಅವರನ್ನು ನಮ್ಮ ನಗರದವರೆಂದು ಹೇಳಿಕೊಳ್ಳುವ ಹಕ್ಕು ನಮಗುಂಟು.

ಹೀಗೆ 39 ಕಂತುಗಳು ಸಿದ್ಧವಾದವು. ಎಲ್ಲವೂ ಹಿಂದಿಯಲ್ಲಿ, ಮೊದಲ 13 ಇಂಗ್ಲಿಷಿನಲ್ಲಿಯೂ. ಇಂಗ್ಲಿಷಿನಲ್ಲಿ ಬರೆದ ತಮಿಳು ಮನೆತನದ ಲೇಖಕರ ಕಥೆಯನ್ನು, ಕೊಂಕಣಿ ಮಾತೃಭಾಷೆಯ ನಿರ್ದೇಶಕರು, ಬಹುತೇಕ ಕನ್ನಡದ ನಟರನ್ನು ಕೂಡಿಸಿಕೊಂಡು, ಮಲೆನಾಡಿನ ನೆಲದ ಮೇಲೆ ಹಿಂದಿಯಲ್ಲಿ ಹೇಳಿದರು. ಮುಂಬಯಿಯ ರಂಗಭೂಮಿಯಲ್ಲಿ ಐದು ಭಾಷೆಗಳ ನಡುವೆ ಬೆಳೆದವರಿಗಲ್ಲದೆ ಈ ಧೈರ್ಯ ಬರಲಾರದು. ಹಿಂದಿಯ ಉಚ್ಚಾರಣೆಯಲ್ಲಿ ದಕ್ಷಿಣದ ಛಾಯೆ ಅಲ್ಲಲ್ಲಿ ಕಾಣುವುದು ನಿಜ. ನನಗಂತೂ ಅದು ದೋಷವೆಂದು ತೋರಲಿಲ್ಲ. ಮಾಲ್ಗುಡಿಯವರು ಹಿಂದಿಯನ್ನಾಡಿದರೆ ಹಾಗೆಯೇ ಆಡುತ್ತಿದ್ದರು. ಎಲ್ಲ ಕಂತುಗಳೂ ಸಮನಾಗಿಲ್ಲ. ಸ್ವಾಮಿಯ ಕಂತುಗಳಿಗೆ ಹೋಲಿಸಿದರೆ ಕೆಲವು ಸಣ್ಣಕಥೆಗಳು ಬೇಗ ಬೇಗನೆ ಮುಗಿದುಹೋದಂತೆ ಕಾಣುತ್ತವೆ. ಕನ್ನಡದಲ್ಲಿ ಇದು ಏಕೆ ಬರಲಿಲ್ಲವೆಂದು ಕೊರಗಿದವರೂ ಬಹಳ. ಅವರ ಕೊರಗು ತೀರಿದುದು 2020ರಲ್ಲಿ, ಧಾರಾವಾಹಿಯು ಕನ್ನಡದ ಧ್ವನಿಗಳೊಡನೆ ಮತ್ತೆ ಪ್ರಸಾರವಾದಾಗ.

1986ರಲ್ಲಿ ಪ್ರಸಾರ ಆರಂಭವಾಯಿತು. ಅರಮನೆಯಿಲ್ಲ, ಯುದ್ಧವಿಲ್ಲ, ಒಬ್ಬ ಹುಡುಗನು ಶಾಲೆಗೆ ಚಕ್ಕರ್ ಹೊಡೆಯುತ್ತಾನೆ, ಗೆಳೆಯರಾದ ಮಣಿ ಮತ್ತು ರಾಜಮ್‌ರೊಡನೆ ಕ್ರಿಕೆಟ್ ತಂಡವನ್ನು ಕಟ್ಟುತ್ತಾನೆ, ಹೆದರಿ ಊರು ಬಿಟ್ಟು ಓಡಿಹೋಗುತ್ತಾನೆ. ಇಷ್ಟನ್ನು ನೋಡಲು ಪಂಜಾಬದಿಂದ ಬಂಗಾಳದವರೆಗೆ ಜನರು ಕಾದು ಕುಳಿತರು. ಎಲ್ಲಕ್ಕಿಂತ ಮುಖ್ಯವಾದುದೆಂದರೆ, 'ಗೈಡ್'ನಿಂದ ನೊಂದಿದ್ದ ನಾರಾಯಣರು ಈ ಬಾರಿ ಸಂತುಷ್ಟರಾದರು. ಕಥೆಯ ಎಳೆಯನ್ನು ಬಿಡದೆ ಹಿಡಿದುದಕ್ಕಾಗಿ ಅವರು ಮೆಚ್ಚುಗೆಯನ್ನು ಸೂಚಿಸಿದರು.

ನೀವು ಇಂದು ಮೊಬೈಲಿನಲ್ಲಿ ನೋಡುವ ಧಾರಾವಾಹಿಗಳನ್ನು ನೆನೆದುಕೊಳ್ಳಿರಿ. ಅದೇ 1986ರಲ್ಲಿಯೇ ಪೋಲೆಂಡಿನ ಸಪ್ಕೋವ್ಸ್ಕಿ ಎಂಬ ಲೇಖಕರು ರಾಕ್ಷಸರನ್ನು ಬೇಟೆಯಾಡುವವನೊಬ್ಬನ ಮೊದಲ ಕಥೆಯನ್ನು ಪ್ರಕಟಿಸಿದರು. ಅದು 2007ರಲ್ಲಿ 'ದಿ ವಿಚರ್' ಎಂಬ ವಿಡಿಯೋ ಗೇಮ್ ಆಯಿತು, 2019ರಲ್ಲಿ ಧಾರಾವಾಹಿಯಾಯಿತು. 2013ರ 'ದಿ ಲಾಸ್ಟ್ ಆಫ್ ಅಸ್' ಎಂಬ ಗೇಮ್ 2023ರಲ್ಲಿ ತೆರೆಗೆ ಬಂದಿತು. ಪುಸ್ತಕದ ಓದುಗನು ಊರನ್ನು ಮನಸ್ಸಿನಲ್ಲಿ ಕಟ್ಟಿಕೊಂಡರೆ, ಗೇಮ್ ಆಡುವವನು ಆ ಊರಿನ ಸಂದುಗೊಂದುಗಳಲ್ಲಿ ತಾನೇ ನಡೆದಾಡಿರುತ್ತಾನೆ. ಒಂದು ಬಾಗಿಲು ತಪ್ಪಿದರೂ ಅವನಿಗೆ ಸಿಟ್ಟು. 2011ರಿಂದ 2019ರವರೆಗೆ ನಡೆದ 'ಗೇಮ್ ಆಫ್ ಥ್ರೋನ್ಸ್' ಧಾರಾವಾಹಿಯವರು ತಮ್ಮ ಕಲ್ಪಿತ ರಾಜಧಾನಿಗಾಗಿ ಕ್ರೊಯೇಷಿಯಾದ ಡುಬ್ರೊವ್ನಿಕ್ ಎಂಬ ಹಳೆಯ ಕೋಟೆಯೂರನ್ನು ಹುಡುಕಿಕೊಂಡರು. ಅವರ ಬಳಿ ಕೋಟಿಗಟ್ಟಲೆ ಹಣವಿದ್ದಿತು, ಗಣಕಯಂತ್ರಗಳ ಮಾಯೆಯಿದ್ದಿತು. ಆದರೂ ಕೊನೆಗೆ ಬೇಕಾದುದು ನಿಜವಾದ ಕಲ್ಲು, ನಿಜವಾದ ಬೀದಿ. ಶಂಕರನಾಗ್ ಅವರು ಆಗುಂಬೆಯಲ್ಲಿ ಇದನ್ನು ಇಪ್ಪತ್ತೈದು ವರ್ಷ ಮೊದಲೇ ಕಂಡುಕೊಂಡಿದ್ದರು.

ಪರರ ಪುಸ್ತಕವನ್ನು ನಮ್ಮ ನೆಲಕ್ಕೆ ತರುವ ಆಸೆ ಅವರಿಗೆ ಅಷ್ಟಕ್ಕೇ ತೀರಲಿಲ್ಲ. ಅಮೆರಿಕದ ಸ್ಟೈನ್‌ಬೆಕ್ ಅವರ 'ದಿ ಪರ್ಲ್' ಎಂಬ ಕಿರುಕಾದಂಬರಿಯನ್ನು ಆಧರಿಸಿ 1987ರಲ್ಲಿ 'ಒಂದು ಮುತ್ತಿನ ಕಥೆ'ಯನ್ನು ನಿರ್ದೇಶಿಸಿದರು. ಡಾ. ರಾಜಕುಮಾರ್ ಅವರು ಅದರಲ್ಲಿ ಮುತ್ತು ತೆಗೆಯುವ ಬಡವನಾದರು. ಚಿತ್ರವು ಮಾಲ್ಗುಡಿಯಷ್ಟು ಜನರನ್ನು ಒಲಿಸಿಕೊಳ್ಳಲಿಲ್ಲ.

ಸಿನಿಮಾ ನಾಟಕಗಳ ಆಚೆಗೂ ಅವರ ತಲೆ ಓಡುತ್ತಿದ್ದಿತು. ಬೆಂಗಳೂರಿಗೆ ಮೆಟ್ರೋ ರೈಲು ಬೇಕೆಂದೂ, ನಂದಿಬೆಟ್ಟಕ್ಕೆ ಹಗ್ಗದ ದಾರಿ ಬೇಕೆಂದೂ ಅವರು ಅಂದೇ ಯೋಚಿಸಿ ಓಡಾಡಿದರು. ಕೇಳಿದವರು ನಕ್ಕಿರಲೂಬಹುದು. ಬೆಂಗಳೂರಿನಲ್ಲಿ ಮೆಟ್ರೋ ಓಡಿದುದು 2011ರ ಅಕ್ಟೋಬರಿನಲ್ಲಿ.

ಅದನ್ನು ನೋಡಲು ಅವರಿರಲಿಲ್ಲ. ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ' ನಾಟಕವು ಚಿತ್ರವಾಗಲಿದ್ದಿತು; ಅದರ ಚಿತ್ರೀಕರಣಕ್ಕಾಗಿ ಅವರು ಮಡದಿ ಮತ್ತು ಪುಟ್ಟ ಮಗಳೊಡನೆ ಬೆಂಗಳೂರಿನಿಂದ ಉತ್ತರ ಕರ್ನಾಟಕದ ಕಡೆಗೆ ಕಾರಿನಲ್ಲಿ ಹೊರಟಿದ್ದರು. 1990ನೆಯ ಇಸವಿ ಸೆಪ್ಟೆಂಬರ್ 30ರಂದು ದಾವಣಗೆರೆಯ ಸಮೀಪದ ಆನಗೋಡಿನ ಬಳಿ ಕಾರು ಅಪಘಾತಕ್ಕೀಡಾಯಿತು. ಮಡದಿ ಮಗಳು ಬದುಕಿ ಉಳಿದರು; ಶಂಕರನಾಗ್ ಅವರು ಉಳಿಯಲಿಲ್ಲ. ಚಿತ್ರರಂಗದಲ್ಲಿ ಅವರು ದುಡಿದುದು ಹನ್ನೆರಡೇ ವರ್ಷ.

ಗಾಯಗಳಿಂದ ಚೇತರಿಸಿಕೊಂಡ ಅರುಂಧತಿಯವರು ಬಹುಕಾಲ ಶ್ರಮಪಟ್ಟು, ಪತಿಯ ಕನಸಾಗಿದ್ದ ರಂಗಮಂದಿರವನ್ನು ಬೆಂಗಳೂರಿನ ಜಯಪ್ರಕಾಶ ನಗರದಲ್ಲಿ ಕಟ್ಟಿಸಿದರು. 'ರಂಗಶಂಕರ'ವೆಂಬ ಆ ಮಂದಿರವು 2004ರಲ್ಲಿ ತೆರೆಯಿತು. ಅಲ್ಲಿ ಕನ್ನಡದ ನಾಟಕಗಳ ಜೊತೆಗೆ ಬೇರೆ ಭಾಷೆಗಳವೂ ನಡೆಯುತ್ತವೆ, ಹಿಂದೊಮ್ಮೆ ಮುಂಬಯಿಯಲ್ಲಿ ಅವರಿಬ್ಬರೂ ಕಂಡಂತೆ.

ಇನ್ನೊಂದು ಜಾಗವುಂಟು. ಶಿವಮೊಗ್ಗ ಜಿಲ್ಲೆಯ ಅರಸಾಳು ಎಂಬಲ್ಲಿ ಕಾಡಿನ ನಡುವೆ ಬ್ರಿಟಿಷರ ಕಾಲದ ಪುಟ್ಟ ರೈಲು ನಿಲ್ದಾಣವೊಂದಿದೆ. ಧಾರಾವಾಹಿಗೆ ಮಾಲ್ಗುಡಿಯ ನಿಲ್ದಾಣವಾದುದು ಅದೇ. ಅದು ಪಾಳುಬಿದ್ದಿದ್ದಿತು. ರೈಲ್ವೆಯವರು ಅದನ್ನು ದುರಸ್ತಿ ಮಾಡಿಸಿ, ಅದೇ ಜಾನ್ ದೇವರಾಜ್ ಅವರ ಕೈಯಿಂದ ಮಾಲ್ಗುಡಿಯ ವಸ್ತುಸಂಗ್ರಹಾಲಯವನ್ನಾಗಿ ಮಾಡಿಸಿದರು. 2020ರಲ್ಲಿ ಅದು ಜನರಿಗೆ ತೆರೆಯಿತು. ನಾರಾಯಣರ ಮನಸ್ಸಿನಲ್ಲಿ ಮೊದಲು ಮೂಡಿದುದು ರೈಲು ನಿಲ್ದಾಣವೆಂದು ಆರಂಭದಲ್ಲಿಯೇ ಹೇಳಿದೆನಷ್ಟೆ. ಸ್ವಾಮಿಯ ಕಥೆ ಮುಗಿಯುವುದೂ ನಿಲ್ದಾಣದಲ್ಲಿಯೇ. ಮುನಿಸಿಕೊಂಡ ಗೆಳೆಯ ರಾಜಮ್ ಊರು ಬಿಟ್ಟು ಹೊರಟಿದ್ದಾನೆ. ಅವನಿಗೆ ಕೊಡಲು ಸ್ವಾಮಿಯು ಒಂದು ಪುಸ್ತಕವನ್ನು ತಂದಿದ್ದಾನೆ. ಅದು ಆಂಡರ್ಸನ್ ಬರೆದ ಕಿನ್ನರಿಯರ ಕಥೆಗಳ ಪುಸ್ತಕ. ಗಾಡಿಯು ಚಲಿಸತೊಡಗುತ್ತದೆ, ಸ್ವಾಮಿಯು ಪುಸ್ತಕವನ್ನು ಹಿಡಿದು ಓಡುತ್ತಾನೆ, ಮಣಿಯು ಅದನ್ನು ಕಿಟಕಿಯೊಳಕ್ಕೆ ಮುಟ್ಟಿಸುತ್ತಾನೆ. ರಾಜಮ್ ಅದನ್ನು ತೆರೆದು ಓದಿದನೋ ಇಲ್ಲವೋ, ನಾರಾಯಣರು ಬರೆದಿಲ್ಲ. ಶಂಕರನಾಗ್ ಅವರೂ ತಾವಾಗಿ ಒಂದು ಉತ್ತರವನ್ನು ಸೇರಿಸಲಿಲ್ಲ.